ಶ್ವಾಸಕೋಶದ ಕ್ಯಾನ್ಸರ್: ಬೀಜ ಮೊಳೆಯಲು ಮಣ್ಣು ಹದವಾಗಬೇಕು

ಬೀಡಿ, ಸಿಗರೇಟು ಸೇದುವವರಿಗೆ ಮಾತ್ರ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ಹಾಗಾಗಿ ಜೀವನದಲ್ಲಿ ಒಮ್ಮೆಯೂ ಸಿಗರೇಟು ಮುಟ್ಟದ ತಾಯಿಗೋ ಅಕ್ಕನಿಗೋ ಈ ಕಾಯಿಲೆ ಬಂದಾಗ ಇಡೀ ಮನೆಯೇ ದಂಗಾಗುತ್ತದೆ. ಇನ್ನೊಂದೆಡೆ, ನಲವತ್ತು ವರ್ಷ ಬೀಡಿ ಸೇದಿಯೂ ಗಟ್ಟಿಮುಟ್ಟಾಗಿರುವ ಅಜ್ಜನೊಬ್ಬರು ಎಲ್ಲ ಊರಿನಲ್ಲೂ ಇರುತ್ತಾರೆ. ಸೇದುವವರೆಲ್ಲ ಅವರನ್ನೇ ಸಾಕ್ಷಿಗೆ ಕರೆಯುತ್ತಾರೆ! ತಂಬಾಕಿನ ಹೊಗೆಯೇ ಈ ಕ್ಯಾನ್ಸರಿಗೆ ಅತಿ ದೊಡ್ಡ ಕಾರಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬರಲ್ಲಿ ಬೆಳೆಯುವ ರೋಗ ಇನ್ನೊಬ್ಬರಲ್ಲಿ ಏಕೆ ಬೆಳೆಯುವುದಿಲ್ಲ? ಉತ್ತರದ ಒಂದು ಪಾಲು ದೇಹದ ಒಳಗಿನ ಪರಿಸರದಲ್ಲಿದೆ.

ಈ ವಿಚಾರ ಹೊಸದೇನಲ್ಲ. 1889ರಲ್ಲಿ ಇಂಗ್ಲೆಂಡಿನ ಶಸ್ತ್ರಚಿಕಿತ್ಸಕ ಸ್ಟೀಫನ್ ಪ್ಯಾಜೆಟ್ ಅವರು ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿದರು. ರೋಗ ಯಕೃತ್ತಿಗೆ ಹೆಚ್ಚಾಗಿ ಹರಡಿತ್ತು, ಅದರಂತೆಯೇ ರಕ್ತ ಹರಿಯುವ ಗುಲ್ಮಕ್ಕೆ ಬಹಳ ಕಡಿಮೆ ಹರಡಿತ್ತು. ಕ್ಯಾನ್ಸರ್ ಕೋಶವನ್ನು ಅವರು ಬೀಜಕ್ಕೆ ಹೋಲಿಸಿದರು, ಅಂಗವನ್ನು ಮಣ್ಣಿಗೆ. ಬೀಜ ಎಲ್ಲೆಡೆ ಬೀಳಬಹುದು, ಹದವಾದ ಮಣ್ಣು ಸಿಕ್ಕಲ್ಲಿ ಮಾತ್ರ ಮೊಳೆಯುತ್ತದೆ.

ಇದೇ ಮಾತು ಶ್ವಾಸಕೋಶದ ಒಳಗೂ ನಿಜ ಎಂದು ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ವಿಜ್ಞಾನಿಗಳು 2023ರಲ್ಲಿ ತೋರಿಸಿದರು. 295 ಜನರ ಶ್ವಾಸಕೋಶದಿಂದ ತೆಗೆದ, ನೋಡಲು ಆರೋಗ್ಯವಾಗಿಯೇ ಇದ್ದ ಅಂಗಾಂಶವನ್ನು ಅವರು ಪರೀಕ್ಷಿಸಿದರು. ಕ್ಯಾನ್ಸರಿಗೆ ಕಾರಣವಾಗುವ ಇ.ಜಿ.ಎಫ್.ಆರ್. ಎಂಬ ಜೀನಿನ ದೋಷ ಶೇ. 18ರಷ್ಟು ಜನರಲ್ಲಿ, ಕೆ-ರಾಸ್ ಎಂಬ ಇನ್ನೊಂದು ಜೀನಿನ ದೋಷ ಶೇ. 53ರಷ್ಟು ಜನರಲ್ಲಿ ಸಿಕ್ಕಿತು. ಅಂದರೆ ವಯಸ್ಸಾಗುತ್ತಾ ಹೋದಂತೆ ನಮ್ಮಲ್ಲಿ ಅನೇಕರ ಎದೆಯೊಳಗೆ ಬೀಜ ಬಿದ್ದೇ ಇರುತ್ತದೆ. ಇಷ್ಟಾದರೂ ಅವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಬೀಜ ಮಲಗಿಯೇ ಇರುತ್ತದೆ.

ಅದನ್ನು ಎಬ್ಬಿಸುವುದು ಯಾವುದು? ಗಾಳಿಯಲ್ಲಿ ತೇಲುವ ಪಿ.ಎಂ. 2.5 ಎಂಬ ಅತಿ ಸಣ್ಣ ಕಣಗಳು. ನಮ್ಮ ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಭಾಗಕ್ಕಿಂತಲೂ ಸಣ್ಣವು. ವಾಹನದ ಹೊಗೆ, ಒಲೆಯ ಹೊಗೆ, ಕಸ ಸುಟ್ಟ ಹೊಗೆ ಎಲ್ಲದರಲ್ಲೂ ಇವೆ. ಮೂಗಿನ ಕೂದಲಿಗಾಗಲಿ ಗಂಟಲ ಲೋಳೆಗಾಗಲಿ ಸಿಗದೆ ಇವು ಶ್ವಾಸಕೋಶದ ತಳದ ಗಾಳಿಚೀಲಗಳವರೆಗೆ ಇಳಿಯುತ್ತವೆ. ಅಲ್ಲಿ ಮ್ಯಾಕ್ರೋಫೇಜ್ ಎಂಬ ಬಿಳಿರಕ್ತಕಣಗಳು ಕಸ ಗುಡಿಸುವ ಕೆಲಸದಲ್ಲಿರುತ್ತವೆ. ಅವು ಈ ಕಣಗಳನ್ನು ನುಂಗಿ, ಜೀರ್ಣಿಸಲಾಗದೆ, ಅಪಾಯ ಬಂತೆಂದು ಕೂಗಿಕೊಳ್ಳುತ್ತವೆ. ಆ ಕೂಗು ಇಂಟರ್‌ಲ್ಯೂಕಿನ್-1 ಬೀಟಾ ಎಂಬ ರಾಸಾಯನಿಕದ ರೂಪದಲ್ಲಿ ಹೊರಡುತ್ತದೆ. ಗಾಯವಾಗಿದೆ, ರಿಪೇರಿ ಮಾಡಿ ಎಂಬ ಆಜ್ಞೆ ಅದು. ಸುತ್ತಲಿನ ಕೋಶಗಳು ಬೆಳೆಯಲು ತೊಡಗುತ್ತವೆ. ಅವುಗಳ ನಡುವೆ ದೋಷವಿರುವ ಕೋಶವೊಂದಿದ್ದರೆ ಅದೂ ಎದ್ದು ಬೆಳೆಯುತ್ತದೆ. ಇಲಿಗಳಲ್ಲಿ ಈ ರಾಸಾಯನಿಕವನ್ನು ತಡೆದಾಗ ಗಡ್ಡೆ ಮೂಡುವುದು ತಗ್ಗಿತು.

ಹೊಗೆ ಇಲ್ಲಿ ಹೊಸ ಬೀಜ ಬಿತ್ತಲಿಲ್ಲ, ಮಲಗಿದ್ದ ಬೀಜಕ್ಕೆ ನೀರು, ಗೊಬ್ಬರ ಕೊಟ್ಟಿತು ಎಂಬುದನ್ನು ಗಮನಿಸಿ. ಸೇದದ ಮಹಿಳೆಯರಲ್ಲಿ ಇ.ಜಿ.ಎಫ್.ಆರ್. ದೋಷದ ಕ್ಯಾನ್ಸರ್ ಏಷ್ಯಾದಲ್ಲಿ ಏಕೆ ಇಷ್ಟು ಕಾಣಿಸುತ್ತದೆ ಎಂಬುದಕ್ಕೆ ಇದೊಂದು ಸುಳಿವು. ತಂಬಾಕಿನ ಹೊಗೆಯಾದರೋ ಎರಡು ಕೆಲಸವನ್ನೂ ಮಾಡುತ್ತದೆ: ಬೀಜವನ್ನು ತಾನೇ ಬಿತ್ತಿ, ಮಣ್ಣನ್ನೂ ತಾನೇ ಹದ ಮಾಡುತ್ತದೆ.

ಒಮ್ಮೆ ಮೊಳೆತ ಗಡ್ಡೆ ಸುಮ್ಮನೆ ಕೂರುವುದಿಲ್ಲ. ಅದು ಮಾಯದ ಗಾಯದಂತೆ ವರ್ತಿಸುತ್ತದೆ. ಗಾಯ ಮಾಯಲು ದೇಹ ಕಳಿಸುವ ರಕ್ತನಾಳ, ಪೋಷಕಾಂಶಗಳನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ. ಕೊಲ್ಲಲು ಬಂದ ರೋಗನಿರೋಧಕ ಕೋಶಗಳಿಗೆ, ನಾನು ನಿಮ್ಮವನೇ ಎಂಬ ಸುಳ್ಳು ಗುರುತು ತೋರಿಸಿ ಸುಮ್ಮನಾಗಿಸುತ್ತದೆ. ಈ ಮೋಸವನ್ನು ಮುರಿಯುವ ದಾರಿ ಕಂಡುಕೊಂಡ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪ್ರಶಸ್ತಿ ಬಂತು. ಇಂದು ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಇಮ್ಯುನೋಥೆರಪಿ ಈ ದಾರಿಯಲ್ಲೇ ಬಂದದ್ದು. ಬೆಲೆ ಮಾತ್ರ ಸಾಮಾನ್ಯ ಕುಟುಂಬದ ಕೈಗೆಟುಕುವಂಥದ್ದಲ್ಲ.

ಹಾಗಾದರೆ ಉರಿಯೂತ ತಡೆಯುವ ಔಷಧಿ ನುಂಗಿದರೆ ಸಾಲದೇ ಎಂದು ನೀವು ಕೇಳಬಹುದು. ಅದನ್ನೂ ನೋಡಿದ್ದಾರೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೃದಯಾಘಾತವಾಗಿದ್ದ ಹತ್ತು ಸಾವಿರ ಜನರಲ್ಲಿ ಒಂದು ಪಾಲಿನವರಿಗೆ ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಕೆನಕಿನುಮ್ಯಾಬ್ ಎಂಬ ಇಂಜೆಕ್ಷನ್ ಕೊಟ್ಟಿದ್ದರು. ಅವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಿ ಕಂಡಿತು. ಆದರೆ ಸೋಂಕು ತಗುಲಿ ಸತ್ತವರ ಸಂಖ್ಯೆ ಹೆಚ್ಚಿತು. ಮುಂದೆ, ಈಗಾಗಲೇ ಕ್ಯಾನ್ಸರ್ ಇದ್ದವರ ಚಿಕಿತ್ಸೆಯಲ್ಲಿ ಅದೇ ಔಷಧಿ ಸೋತಿತು. ಬೆಳೆ ಎದ್ದ ಮೇಲೆ ಮಣ್ಣು ಸರಿಪಡಿಸುವುದು ಕಷ್ಟ.

ಮೊಬೈಲಿನಲ್ಲಿ ಓಡಾಡುವ ಒಂದು ಸಂದೇಶದ ಬಗ್ಗೆಯೂ ಹೇಳಬೇಕು. ದೇಹ ಆಮ್ಲೀಯವಾದರೆ ಕ್ಯಾನ್ಸರ್ ಬರುತ್ತದೆ, ಅಡುಗೆ ಸೋಡಾ ಬೆರೆಸಿದ ನೀರು ಕುಡಿದರೆ ಸಾಯುತ್ತದೆ ಎಂಬುದು ಅದರ ಸಾರಾಂಶ. ಇದು ಗಾಡಿಯನ್ನು ಎತ್ತಿನ ಮುಂದೆ ಕಟ್ಟಿದಂತೆ. ಗಡ್ಡೆಯೇ ತನ್ನ ಸುತ್ತ ಆಮ್ಲ ಸುರಿಸಿಕೊಳ್ಳುತ್ತದೆ. ರಕ್ತದ ಪಿ.ಎಚ್. ಅನ್ನು ಶ್ವಾಸಕೋಶ, ಮೂತ್ರಪಿಂಡಗಳು 7.35ರಿಂದ 7.45ರ ನಡುವೆ ಬಿಗಿಯಾಗಿ ಹಿಡಿದಿಡುತ್ತವೆ, ನೀವು ಏನೇ ತಿಂದರೂ. ಸೋಡಾದಲ್ಲಿರುವ ಸೋಡಿಯಂ ಬಿ.ಪಿ. ಇರುವ ಹಿರಿಯರಿಗೆ ತೊಂದರೆ ಕೊಡಬಹುದು, ಅಷ್ಟೇ. ಕ್ಯಾನ್ಸರನ್ನು ಉಪವಾಸ ಕೆಡವುತ್ತೇವೆಂದು ರೋಗಿಗೆ ಅನ್ನ, ಸಕ್ಕರೆ ಎಲ್ಲವನ್ನೂ ನಿಲ್ಲಿಸುವುದು ಇನ್ನೂ ಕೆಟ್ಟದ್ದು. ದೇಹ ತನ್ನ ಮಾಂಸಖಂಡವನ್ನೇ ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತದೆ. ಸೊರಗುವವರು ರೋಗಿ.

ಮಣ್ಣು ಕೆಡದಂತೆ ನೋಡಿಕೊಳ್ಳುವುದು ಮಾತ್ರ ನಿಜಕ್ಕೂ ನಮ್ಮ ಕೈಯಲ್ಲಿದೆ. ಚೀನಾದ ಯುನ್ನಾನ್ ಪ್ರಾಂತ್ಯದ ಶ್ವಾನ್‌ವೇ ಎಂಬಲ್ಲಿ ಹೆಂಗಸರು ಸಿಗರೇಟು ಸೇದುತ್ತಿದ್ದುದು ತೀರಾ ಅಪರೂಪ. ಆದರೂ ಅವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಇಡೀ ದೇಶದಲ್ಲೇ ಅತಿ ಹೆಚ್ಚಿನದರಲ್ಲಿ ಒಂದಾಗಿತ್ತು. ಹೊಗೆಗೂಡಿಲ್ಲದ ಮನೆಯೊಳಗೆ ಅವರು ಕಲ್ಲಿದ್ದಲು ಉರಿಸುತ್ತಿದ್ದರು. ಹೊಗೆಗೂಡಿರುವ ಒಲೆ ಹಾಕಿಸಿಕೊಂಡ ಮನೆಗಳಲ್ಲಿ ಸುಮಾರು ಹತ್ತು ವರ್ಷಗಳ ಬಳಿಕ ಈ ಕ್ಯಾನ್ಸರ್ ಇಳಿಯತೊಡಗಿತು. ಒಟ್ಟಾರೆ ಇಳಿಕೆ ಗಂಡಸರಲ್ಲಿ ಶೇ. 41, ಹೆಂಗಸರಲ್ಲಿ ಶೇ. 46. ನಮ್ಮ ಸೌದೆ ಹೊಗೆ ಆ ಕಲ್ಲಿದ್ದಲಿನಷ್ಟು ಕ್ರೂರವಲ್ಲದಿರಬಹುದು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅದನ್ನೂ, ಹೆಚ್ಚು ಕಾದ ಎಣ್ಣೆಯಲ್ಲಿ ಕರಿಯುವಾಗ ಏಳುವ ಹೊಗೆಯನ್ನೂ ಕ್ಯಾನ್ಸರ್ ತರಬಹುದಾದವುಗಳ ಸಾಲಿನಲ್ಲಿ ಇರಿಸಿದೆ.

ಆದುದರಿಂದ ಗ್ಯಾಸ್ ಇದ್ದರೆ ದಿನದ ಅಡುಗೆ ಅದರಲ್ಲೇ ಆಗಲಿ. ನೀರು ಕಾಯಿಸುವ ಸೌದೆ ಒಲೆ ಮನೆಯ ಹೊರಗಿರಲಿ. ಬಿರಿಯಾನಿಗೆ ಈರುಳ್ಳಿ ಕರಿಯುವಾಗ, ಸಮೋಸ ಹುರಿಯುವಾಗ ಕಿಟಕಿ ತೆರೆದಿಡಿ. ಸಾಧ್ಯವಾದರೆ ಹೊಗೆ ಹೊರಹಾಕುವ ಫ್ಯಾನ್ ಹಾಕಿಸಿ. ಸೊಳ್ಳೆ ಬತ್ತಿಯ ಬದಲು ಸೊಳ್ಳೆಪರದೆ ಕಟ್ಟಿ. ಲೋಬಾನ ಹಾಕುವ ಅಭ್ಯಾಸವಿದ್ದರೆ ಬಾಗಿಲು ತೆರೆದಿರಲಿ, ಹಸುಗೂಸು ಮತ್ತು ಉಬ್ಬಸದವರು ಆ ಕೋಣೆಯಲ್ಲಿ ಬೇಡ. ಹುಕ್ಕಾದ ನೀರು ಹೊಗೆಯನ್ನು ತೊಳೆಯುತ್ತದೆಂದು ಯುವಕರು ನಂಬಿದ್ದಾರೆ. ಅದು ಹೊಗೆಯನ್ನು ತಣ್ಣಗಾಗಿಸುತ್ತದೆ, ವಿಷ ಹಾಗೆಯೇ ಉಳಿಯುತ್ತದೆ.

ಸೇದುವವರು, ಇಷ್ಟು ವರ್ಷವಾಯಿತು, ಇನ್ನು ಬಿಟ್ಟು ಏನು ಪ್ರಯೋಜನ ಎನ್ನಬೇಡಿ. 2020ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು 16 ಜನರ ಶ್ವಾಸನಾಳದ ಕೋಶಗಳನ್ನು ಪರೀಕ್ಷಿಸಿದಾಗ, ಸೇದುವುದನ್ನು ಬಿಟ್ಟವರಲ್ಲಿ ಬಹುತೇಕ ಹಾನಿಯಾಗದ ಕೋಶಗಳು, ಈಗಲೂ ಸೇದುವವರಿಗಿಂತ ನಾಲ್ಕು ಪಟ್ಟಿನವರೆಗೆ ಹೆಚ್ಚಿದ್ದವು. ಒಳ್ಳೆಯ ಕೋಶಗಳು ಮತ್ತೆ ಹರಡಿಕೊಳ್ಳುತ್ತವೆ.

ಕೆಮ್ಮು ಎರಡು ವಾರ ದಾಟಿದರೆ, ಕಫದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ವೈದ್ಯರ ಬಳಿ ಹೋಗಿ. ಮೊದಲು ಕ್ಷಯ ಇದೆಯೇ ಎಂದು ನೋಡುತ್ತಾರೆ, ಅದು ಸರಿಯೇ. ಆದರೆ ಕಫದಲ್ಲಿ ಕ್ಷಯದ ರೋಗಾಣು ಸಿಗದೆ, ಬರೇ ಎಕ್ಸ್‌ರೇ ನೋಡಿ ಔಷಧಿ ಶುರುವಾಗಿ, ಒಂದೆರಡು ತಿಂಗಳಾದರೂ ಗುಣ ಕಾಣದಿದ್ದರೆ ಸುಮ್ಮನೆ ಕಾಯಬೇಡಿ. ಈ ಎರಡು ರೋಗಗಳು ಎಕ್ಸ್‌ರೇಯಲ್ಲಿ ಒಂದರಂತೆ ಒಂದು ಕಾಣುತ್ತವೆ. ಸಿ.ಟಿ. ಸ್ಕ್ಯಾನ್, ಬಯಾಪ್ಸಿ ಬೇಕೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ಕ್ಯಾನ್ಸರ್ ಎಂದು ಖಚಿತವಾದರೆ ಇ.ಜಿ.ಎಫ್.ಆರ್. ಪರೀಕ್ಷೆಯ ಬಗ್ಗೆಯೂ ವಿಚಾರಿಸಿ. ಆ ದೋಷ ಇರುವವರಿಗೆ ಮಾತ್ರೆಯ ರೂಪದ ಬೇರೆಯೇ ಚಿಕಿತ್ಸೆ ಇದೆ, ಸೇದದ ಹೆಂಗಸರಲ್ಲಿ ಅದು ಸಿಗುವ ಸಾಧ್ಯತೆ ಹೆಚ್ಚು.