ದೂರದ ಹೊಲದಲ್ಲಿ ತಂಗಲು ಗಾಡಿ: ದುಡ್ಡು ಕೊಡುವ ಮುನ್ನ



ಬರಡು ರಾಸುಗಳ ಚಿಕಿತ್ಸಾ ಶಿಬಿರಗಳಲ್ಲಿ ಹಸುಗಳ ತಪಾಸಣೆ ಮುಗಿದ ಮೇಲೆ ಇತ್ತೀಚೆಗೆ ಇನ್ನೊಂದು ಪ್ರಶ್ನೆ ಬರುತ್ತಿದೆ. "ಡಾಕ್ಟ್ರೇ, ಒಂದು ಹಳೇ ಕ್ಯಾಂಪರ್ ತಗೊಂಡು ಹಿಂದುಗಡೆ ಮಲಗೋ ಹಂಗೆ ಮಾಡಿಸ್ಕೊಂಡ್ರೆ ದನದ ಜೊತೆ ಹೊಲದಲ್ಲೇ ಇರಬಹುದಲ್ವಾ?" ಕೇಳುವವರಿಗೆ ಕಾರಣವೂ ಇದೆ. ಕೆಲವರ ಜಮೀನು ಊರಿಂದ ಹತ್ತು ಹದಿನೈದು ಕಿಲೋಮೀಟರ್ ದೂರ, ಕಾಡಂಚಿನಲ್ಲಿದೆ. ಕೆಲವರು ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದ ಮೇಲೆ ಹಿನ್ನೀರಿನ ಅಂಚಿನಲ್ಲಿ ಚಿಗುರುವ ಹುಲ್ಲಿಗೆ ದನ ಹೊಡೆದುಕೊಂಡು ಹೋಗುತ್ತಾರೆ. ಮೊಬೈಲಿನಲ್ಲಿ ಮನೆಯಂಥ ಗಾಡಿಗಳ ವಿಡಿಯೊ ನೋಡಿದವರಿಗೆ ಆಸೆ ಹುಟ್ಟುವುದು ಸಹಜ. ಲಕ್ಷಗಟ್ಟಲೆ ದುಡ್ಡಿನ ಮಾತಾದ್ದರಿಂದ ಕೂತು ಲೆಕ್ಕ ಹಾಕಿಯೇ ಮುಂದುವರಿಯಬೇಕು.

ಮೊದಲು ಹೆಸರಿನ ಗೊಂದಲ. ನಮ್ಮ ಕಡೆ 'ಕ್ಯಾಂಪರ್' ಎಂದರೆ ಬೊಲೆರೊ ಕ್ಯಾಂಪರ್‌ನಂಥ ಎರಡು ಸಾಲು ಸೀಟಿನ, ಹಿಂದೆ ಚಿಕ್ಕ ತೊಟ್ಟಿಯಿರುವ ಪಿಕಪ್. ವಿಡಿಯೊದಲ್ಲಿ ಕಾಣುವುದು ಹಾಸಿಗೆ, ಒಲೆ, ನೀರಿನ ಟ್ಯಾಂಕು ಎಲ್ಲವನ್ನೂ ಒಳಗೇ ಕೂರಿಸಿದ ಕಾರವಾನ್. ನಮ್ಮ ದೇಶದಲ್ಲಿ ಕಾರವಾನ್‌ಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಆ ಪ್ರಕಾರ ತಯಾರಾದ ಗಾಡಿ ನಮ್ಮಂಥವರ ಕೈಗೆ ಎಟುಕುವುದಿಲ್ಲ. ಹಾಗಾಗಿ ಪ್ರಶ್ನೆ ಇಷ್ಟೇ: ಹಳೇ ಪಿಕಪ್ ಕೊಂಡು ಅದರ ಮೇಲೆ ಗೂಡು ಕಟ್ಟಿಸುವುದೋ, ಮನೆಯಲ್ಲಿರುವ ಟ್ರ್ಯಾಕ್ಟರ್ ಟ್ರೇಲರನ್ನೇ ಬಿಡಾರ ಮಾಡಿಕೊಳ್ಳುವುದೋ?

ನೀರಿನ ಲೆಕ್ಕ ಮೊದಲು

ಗಾಡಿ ಎಷ್ಟು ಹೊರುತ್ತದೆ ಎಂದು ತಿಳಿಯಲು ಆರ್‌ಸಿ ಸಾಕು. ಅದರಲ್ಲಿ ಖಾಲಿ ಗಾಡಿಯ ತೂಕ, ಭರ್ತಿ ಗಾಡಿಯ ತೂಕ ಎರಡೂ ಇರುತ್ತವೆ. ಎರಡರ ವ್ಯತ್ಯಾಸವೇ ನೀವು ಹೇರಬಹುದಾದ ಭಾರ. ಅದು 1,000 ಕಿಲೋ ಎಂದಿಟ್ಟುಕೊಳ್ಳಿ. ಕಬ್ಬಿಣದ ಚೌಕಟ್ಟು ಮತ್ತು ತಗಡಿನ ಗೂಡಿಗೆ 250, ಇಬ್ಬರು ಮನುಷ್ಯರಿಗೆ 130, ಇನ್ನೂರು ಲೀಟರ್ ನೀರಿನ ಡ್ರಮ್ಮಿಗೆ 200, ಎರಡು ಮೂಟೆ ಪಶು ಆಹಾರಕ್ಕೆ 100, ಹಾಸಿಗೆ ಪಾತ್ರೆ ಸಿಲಿಂಡರಿಗೆ 60, ಬ್ಯಾಟರಿ ಸೋಲಾರಿಗೆ 50. ಒಟ್ಟು 790 ಆಯಿತು. ಉಳಿದ 210 ಕಿಲೋದಲ್ಲಿ ಒಂದು ಮಿಶ್ರತಳಿ ಹಸುವನ್ನು ಹೇರುವ ಮಾತು ಬಿಡಿ, ಎರಡು ದಿನದ ಮೇವು ಹಾಕಿದರೆ ಮುಗಿಯಿತು.

ಆ ಇನ್ನೂರು ಲೀಟರ್ ನೀರು ಎಷ್ಟು ದಿನ ಬರುತ್ತದೆ? ಹತ್ತು ಲೀಟರ್ ಹಾಲು ಕೊಡುವ ಮಿಶ್ರತಳಿ ಹಸು ಬೇಸಿಗೆಯಲ್ಲಿ ದಿನಕ್ಕೆ 70-80 ಲೀಟರ್ ನೀರು ಕುಡಿಯುತ್ತದೆ. ಅಂಥ ಎರಡು ಹಸು, ಇಬ್ಬರು ಮನುಷ್ಯರ ಅಡುಗೆ, ಸ್ನಾನ, ಕೆಚ್ಚಲು ಮತ್ತು ಕ್ಯಾನ್ ತೊಳೆಯುವುದು ಸೇರಿದರೆ ಡ್ರಮ್ಮು ಒಂದೇ ದಿನಕ್ಕೆ ಖಾಲಿ. ನೀರು ಕಡಿಮೆಯಾದ ಹಸು ಮೊದಲು ಇಳಿಸುವುದು ಹಾಲನ್ನೇ. ಆದ್ದರಿಂದ ಗಾಡಿ ಹೋಗುವ ಜಾಗ ಹುಡುಕಬೇಡಿ, ನೀರಿರುವ ಜಾಗ ಹುಡುಕಿ. ಅಲ್ಲಿಗೆ ಯಾವ ಗಾಡಿ ಹೋಗುತ್ತದೆ ಎಂಬುದು ಆಮೇಲಿನ ಮಾತು.

ಹಾಲು ಡೈರಿ ಮುಟ್ಟುವುದು ಹೇಗೆ

ಹೊಲದಲ್ಲಿ ತಂಗಿದ ಮಾತ್ರಕ್ಕೆ ಹಾಲು ಅಲ್ಲೇ ಉಳಿಯುವುದಿಲ್ಲವಲ್ಲ. ಕರೆದ ಹಾಲಿನಲ್ಲಿ ಸೂಕ್ಷ್ಮಾಣುಗಳು ನಮ್ಮ ಬೇಸಿಗೆಯ ಶಾಖದಲ್ಲಿ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತಾ ಹೋಗುತ್ತವೆ. ಕರೆದು ಒಂದು ಗಂಟೆಯೊಳಗೆ ಸಂಘಕ್ಕೆ ತಲುಪಿಸಲಾಗದ ಜಾಗವಾದರೆ ಕರೆಯುವ ಹಸುವನ್ನು ಅಲ್ಲಿಗೆ ಒಯ್ಯಬೇಡಿ ಎಂದೇ ನನ್ನ ಸಲಹೆ. ಬತ್ತಿದ ಹಸು, ಕಡಸು, ಎಮ್ಮೆಕರು ಇವನ್ನು ಒಯ್ಯಿರಿ, ಕರೆಯುವವು ಊರಲ್ಲಿರಲಿ. ಹಾಲು ಒಡೆದು ವಾಪಸಾದರೆ ಹಾಲಿನ ದರವೂ ಹೋಯಿತು, ಸರ್ಕಾರ ಲೀಟರಿಗೆ ಕೊಡುವ ಪ್ರೋತ್ಸಾಹಧನವೂ ಹೋಯಿತು.

ಇನ್ನು ಡೀಸೆಲ್. ಸಂಘ ಹದಿನೈದು ಕಿಲೋಮೀಟರ್ ದೂರವಿದ್ದರೆ ಬೆಳಿಗ್ಗೆ ಸಂಜೆ ಹೋಗಿ ಬರಲು 60 ಕಿಲೋಮೀಟರ್. ಪಿಕಪ್ ಲೀಟರಿಗೆ 12 ಕಿಲೋಮೀಟರ್ ಕೊಟ್ಟರೆ ದಿನಕ್ಕೆ 5 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿ ಹಿಡಿದರೂ 450 ರೂಪಾಯಿ. ಎರಡು ಹಸುವಿನ ಇಪ್ಪತ್ತು ಲೀಟರ್ ಹಾಲಿನ ದುಡ್ಡಿನಲ್ಲಿ ದೊಡ್ಡ ಪಾಲು ಪೆಟ್ರೋಲ್ ಬಂಕಿಗೇ ಹೋಯಿತು. ಅದೇ ಹಾಲನ್ನು ಬೈಕಿನಲ್ಲಿ ಸ್ಟೀಲ್ ಕ್ಯಾನ್ ಕಟ್ಟಿ ಒಯ್ದರೆ ಒಂದೂಕಾಲು ಲೀಟರ್ ಪೆಟ್ರೋಲಿನಲ್ಲಿ ಮುಗಿಯುತ್ತದೆ.

ಇಲ್ಲಿಗೆ ಒಂದು ವಿಷಯ ಸ್ಪಷ್ಟ. ಹಾಲು ಒಯ್ಯುವುದು ಬೈಕಾದರೆ, ಮಲಗುವ ಗೂಡು ದಿನಾ ಓಡಾಡಬೇಕಿಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ಜಾಗ ಬದಲಾಯಿಸಿದರೆ ಹೆಚ್ಚು. ಅಷ್ಟಕ್ಕೆ ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿ ಯಾಕೆ? ಟ್ರ್ಯಾಕ್ಟರ್ ಇರುವ ಮನೆಯವರು ಟ್ರೇಲರಿಗೆ ಕಮಾನು ಕೂರಿಸಿ, ಮೇಲೆ ದಪ್ಪ ಟಾರ್ಪಾಲು ಹಾಕಿ, ಒಳಗೆ ಹಲಗೆಯ ಮಂಚ ಬಿಗಿದುಕೊಂಡರೆ ಸಾಕು. ಟ್ರ್ಯಾಕ್ಟರ್ ಹೋಗುವ ಕಡೆ ಬಹುಪಾಲು ಜೀಪುಗಳೇ ಹೋಗುವುದಿಲ್ಲ. ನಿಲ್ಲಿಸಿದ ಮೇಲೆ ಟ್ರ್ಯಾಕ್ಟರ್ ಬಿಚ್ಚಿ, ನಾಲ್ಕು ಮೂಲೆಗೂ ಗಟ್ಟಿ ಆಸರೆ ಕೊಟ್ಟು, ಚಕ್ರಕ್ಕೆ ಕಲ್ಲು ಇಡಿ. ಹೈಡ್ರಾಲಿಕ್ ಟಿಪ್ಪಿಂಗ್ ಟ್ರೇಲರ್ ಆದರೆ ತೊಟ್ಟಿ ಪೂರ್ತಿ ಇಳಿದು ಪಿನ್ನು ಬಿದ್ದಿದೆಯೇ ನೋಡದೆ ಹತ್ತಲೇಬೇಡಿ. ದಾರಿಯಲ್ಲಿ ಸಾಗುವಾಗ ಮಕ್ಕಳೂ ಸೇರಿ ಯಾರೂ ಅದರಲ್ಲಿ ಕೂರಬಾರದು. ಟ್ರೇಲರ್ ಮಗುಚಿ ಸತ್ತವರ ಸುದ್ದಿ ಓದುತ್ತಲೇ ಇರುತ್ತೇವೆ, ವಿಮೆಯೂ ಕೈ ಹಿಡಿಯುವುದಿಲ್ಲ.

ಪಿಕಪ್ಪೇ ಬೇಕೆಂದರೆ

ಉಳಿದ ದಿನಗಳಲ್ಲಿ ಮೇವು, ತರಕಾರಿ, ಗೊಬ್ಬರ ಸಾಗಿಸಿ ದುಡಿಯುವುದಾದರೆ ಮಾತ್ರ ಪಿಕಪ್ ಕೊಳ್ಳುವುದರಲ್ಲಿ ಅರ್ಥವಿದೆ. ಕಲ್ಲು, ಹಳ್ಳ, ಏರು ದಾರಿಯಿದ್ದರೆ ನಾಲ್ಕು ಚಕ್ರದ ಎಳೆತ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಎರೆ ಭೂಮಿಯಲ್ಲಿ ಮಳೆ ಬಿದ್ದ ದಿನ ಅದೂ ಕೆಲಸ ಮಾಡುವುದಿಲ್ಲ. ಟೈರಿನ ಗೆರೆಯೆಲ್ಲ ಜಿಗುಟು ಮಣ್ಣು ತುಂಬಿ ನಾಲ್ಕೂ ಚಕ್ರ ನಿಂತಲ್ಲೇ ಸುತ್ತುತ್ತವೆ. ಎರೆ ಹೊಲದವರು ಆ ಸೌಕರ್ಯಕ್ಕೆಂದು ಹೆಚ್ಚಿನ ಹಣ ಕೊಡುವ ಮೊದಲು ಎರಡು ಸಲ ಯೋಚಿಸಿ.

ಹಳೇ ಗಾಡಿ ನೋಡುವಾಗ ಬಣ್ಣ ನೋಡಬೇಡಿ, ಕೆಳಗೆ ಮಲಗಿ ಛಾಸಿ ನೋಡಿ. ಕರಾವಳಿಯಲ್ಲಿ ಮೀನು ಸಾಗಿಸಿದ ಗಾಡಿಯ ಛಾಸಿಯನ್ನು ಉಪ್ಪುನೀರು ತಿಂದಿರುತ್ತದೆ. ಮಿತಿ ಮೀರಿ ಹೇರಿ ಓಡಿಸಿದ ಗಾಡಿಯಲ್ಲಿ ಪಟ್ಟಿ ಬಿದ್ದಿರುತ್ತದೆ, ಛಾಸಿಗೆ ವೆಲ್ಡಿಂಗ್ ಗುರುತು ಇರುತ್ತದೆ. ಹೊಸದಾಗಿ ಕಪ್ಪು ಬಣ್ಣ ಬಳಿದ ಛಾಸಿ ಕಂಡರೆ ಮೆಕ್ಯಾನಿಕ್ ಕೈಯಲ್ಲಿ ಒಂದು ಸುತ್ತಿಗೆ ಕೊಟ್ಟು ಅಲ್ಲಲ್ಲಿ ಬಡಿಸಿ. ಕೈಯಲ್ಲಿರುವ ಹಣದ ಕಾಲುಭಾಗವನ್ನು ಟೈರು, ಬ್ಯಾಟರಿ, ಕ್ಲಚ್ಚಿಗೆಂದು ಎತ್ತಿಟ್ಟು ಉಳಿದುದರಲ್ಲೇ ಬೆಲೆ ಕುದುರಿಸಿ.

ಗೂಡು ಕಟ್ಟಿಸುವ ಬಗ್ಗೆ ಕಾನೂನು ಬಿಗಿಯಾಗಿದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. ಹಾಗೆ ಮಾಡಿದ ಗಾಡಿ ಅಪಘಾತವಾದರೆ ವಿಮೆ ಕಂಪನಿಗೆ ತಕರಾರು ತೆಗೆಯಲು ದಾರಿ ಸಿಕ್ಕಂತೆ. ಆದ್ದರಿಂದ ಗಾಡಿಗೆ ವೆಲ್ಡ್ ಮಾಡಿಸಬೇಡಿ. ಹೊಲದಲ್ಲಿ ನಿಲ್ಲಿಸಿದಾಗ ಕೂರಿಸಿ, ರಸ್ತೆಗೆ ಇಳಿಯುವಾಗ ಬಿಚ್ಚಿಡುವ ಕೊಳವೆ ಕಮಾನು ಮತ್ತು ಟಾರ್ಪಾಲು ಸಾಕು. ಎತ್ತರದ ತಗಡಿನ ಗೂಡು ಓರೆ ಏರಿಯಲ್ಲಿ ಗಾಡಿಯನ್ನು ಮಗುಚುವ ಅಪಾಯವೂ ಇದೆ. ಲೈಸೆನ್ಸ್ ಬಗ್ಗೆ ಹಲವರಿಗೆ ಅನುಮಾನವಿತ್ತು. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸರಕು ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ.

ರಾತ್ರಿಯ ಜಾಗ್ರತೆ

ಈ ಭಾಗವನ್ನು ಮನೆಯವರಿಗೂ ಓದಿ ಹೇಳಿ. ಟಾರ್ಪಾಲು ಮುಚ್ಚಿದ ಗೂಡಿನೊಳಗೆ ಚಳಿಗೆಂದು ಕೆಂಡದ ಬಾಣಲೆ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳುವುದಿಲ್ಲ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬರುವಷ್ಟರಲ್ಲಿ ಎದ್ದು ಹೋಗುವ ಶಕ್ತಿಯೂ ಇರುವುದಿಲ್ಲ. ಎಂಜಿನ್ ಚಾಲೂ ಇಟ್ಟು ಗಾಡಿಯಲ್ಲಿ ಮಲಗುವುದೂ ಇಷ್ಟೇ ಅಪಾಯ. ಅಡುಗೆ ಹೊರಗೇ ಆಗಲಿ. ಸಿಲಿಂಡರ್ ಒಳಗಿಡಲೇಬೇಕಾದರೆ ಗೂಡಿನ ತಳದಲ್ಲಿ ಗಾಳಿಕಂಡಿ ಬಿಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ತುಂಬಿಕೊಳ್ಳುತ್ತದೆ.

ಮಲೆನಾಡಿನವರಿಗೆ ಇನ್ನೊಂದು ಮಾತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ದನಗಳಿಗೆ ಆ ಕಾಯಿಲೆ ಬಾರದಿದ್ದರೂ ಅವುಗಳ ಮೈಮೇಲೆ ಉಣುಗು ಹೆಚ್ಚುತ್ತದೆ. ಹಾಗಾಗಿ ತರಗೆಲೆಯ ಮೇಲೆ ಮಲಗುವುದಕ್ಕಿಂತ ನೆಲದಿಂದ ಎತ್ತರದ ಟ್ರೇಲರ್ ಮಂಚ ಎಷ್ಟೋ ಮೇಲು. ಆದರೆ ದನ ಕಟ್ಟುವ ಜಾಗ ಗೂಡಿನಿಂದ ದೂರವಿರಲಿ, ದನಗಳಿಗೆ ಉಣುಗಿನ ಔಷಧಿ ತಪ್ಪದೆ ಹಾಕಿಸಿ, ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಆನೆ ಓಡಾಡುವ ಕಡೆ ಬೆಲ್ಲ, ಅಕ್ಕಿ, ಉಪ್ಪು, ಪಶು ಆಹಾರದ ಮೂಟೆಯನ್ನು ಮಲಗುವ ಗೂಡಿನಲ್ಲಿ ಇಡಲೇಬೇಡಿ.

ಸೋಲಾರ್ ಬಗ್ಗೆ ಕೇಳುವವರಿಗೆ: 100 ವ್ಯಾಟಿನ ಒಂದು ಫಲಕ ಒಳ್ಳೆ ಬಿಸಿಲಿನ ದಿನ ಸುಮಾರು 400 ವ್ಯಾಟ್-ಅವರ್ ಕೊಡುತ್ತದೆ. ದೀಪ, ಮೊಬೈಲ್, ಚಿಕ್ಕ ಫ್ಯಾನಿಗೆ ಸಾಕು. ಒಂದು ಎಚ್‌ಪಿ ಮೋಟರಿನ ಹಾಲು ಕರೆಯುವ ಯಂತ್ರ ಅದರಲ್ಲಿ ಅರ್ಧ ಗಂಟೆಯೂ ನೆಟ್ಟಗೆ ಓಡುವುದಿಲ್ಲ. ಅಲ್ಲಿ ಕೈ ಕರಾವೇ ಗತಿ.

ಹೊರಡುವ ಮುನ್ನ ದನಗಳ ಕಾಲುಬಾಯಿ ಜ್ವರದ ಲಸಿಕೆ ಆಗಿದೆಯೇ, ಕಿವಿಯೋಲೆ ಇದೆಯೇ ನೋಡಿಕೊಳ್ಳಿ. ಆರು ತಿಂಗಳ ಲಸಿಕಾ ಸುತ್ತು ನೀವು ಹೊಲದಲ್ಲಿದ್ದಾಗ ಬಂದರೆ ಊರಿನವರು ತಿಳಿಸುವಂತಿರಲಿ. ತುಂಬು ಗಬ್ಬದ ಹಸುವನ್ನು ಒಯ್ಯಬೇಡಿ. ಕರು ಅಡ್ಡ ಸಿಕ್ಕಿಕೊಂಡರೆ ನೀವು 1962ಕ್ಕೆ ಕರೆ ಮಾಡಬಹುದು, ಆದರೆ ನಿಮ್ಮ ಟ್ರ್ಯಾಕ್ಟರ್ ಬಂದ ದಾರಿಯಲ್ಲಿ ನಮ್ಮ ಗಾಡಿ ಬರಬೇಕಲ್ಲ. ಆದ್ದರಿಂದ ಜಾಗ ಗೊತ್ತು ಮಾಡಿದ ದಿನವೇ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, ಡಾಂಬರು ರಸ್ತೆಯಿಂದ ಎಷ್ಟು ದೂರ, ಯಾವ ಗುರುತಿನ ಬಳಿ ತಿರುಗಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಸಂಘದ ಕಾರ್ಯದರ್ಶಿಯ ಬಳಿ ಕೊಟ್ಟು ಹೋಗಿ.