ತಲಬಾಗಿಲಿಗೆ ಚೆಂಡು ಹೂವಿನ ಜಾಳಿಗೆ ತೋರಣ

ನವಲಗುಂದ ತಾಲೂಕಿನ ಯಮನೂರು ಸುತ್ತಲಿನ ಎರೆಭೂಮಿಯಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ ಬೆಳೆಯುವ ರೈತರು ಹೊಲದ ಅಂಚಿಗೆ ಒಂದೆರಡು ಸಾಲು ಚೆಂಡು ಹೂವನ್ನೂ ಹಾಕುವುದುಂಟು. ದಸರಾ, ದೀಪಾವಳಿಯ ಮುನ್ನಾದಿನ ಈ ಹೂವಿಗಿರುವ ಧಾರಣೆ ಹಬ್ಬದ ಮರುದಿನ ಇರುವುದಿಲ್ಲ. ಚೀಲದಲ್ಲಿ ಒತ್ತಿ ತುಂಬಿದ ಬಿಡಿ ಹೂವು ಪೇಟೆ ಮುಟ್ಟುವಷ್ಟರಲ್ಲಿ ಬಿಸಿಯೇರಿ ತಳದಲ್ಲಿ ಕಪ್ಪಾಗುತ್ತದೆ. ಸಣ್ಣ ಹೂವಿಗಂತೂ ಕೇಳುವವರಿಲ್ಲ. ಅದೇ ಹೂವನ್ನು ಮನೆಯಲ್ಲಿಯೇ ತೋರಣವಾಗಿ ಕಟ್ಟಿದರೆ ಸಣ್ಣ ಹೂವೂ ಉಪಯೋಗಕ್ಕೆ ಬರುತ್ತದೆ, ತೂಕದ ಬದಲು ನಗದ ಲೆಕ್ಕದಲ್ಲಿ ಮಾರಬಹುದು. ಆದರೆ ಕೊಂಡವರ ಬಾಗಿಲಲ್ಲಿ ಅದು ಮರುದಿನವೇ ಬಾಡಬಾರದು.

ಸೂಜಿ ದಾರದ ತೋರಣ ಬೇಗ ಬಾಡಲು ಕಾರಣವಿದೆ. ಚೆಂಡು ಹೂವೆಂದರೆ ಒಂದೇ ಹೂವಲ್ಲ, ಒಂದು ಬಟ್ಟಲಿನಲ್ಲಿ ಒತ್ತೊತ್ತಾಗಿ ಕುಳಿತ ನೂರಾರು ಕಿರುಹೂಗಳ ಗುಚ್ಛ. ತೊಟ್ಟು ಮುರಿದು ಆ ಬಟ್ಟಲಿಗೇ ಸೂಜಿ ಚುಚ್ಚಿದಾಗ ಹೂವು ಗಾಯಗೊಳ್ಳುತ್ತದೆ, ಎಸಳುಗಳಿಂದ ಆರಿಹೋಗುವ ನೀರನ್ನು ತುಂಬಿಕೊಡುವ ದಾರಿಯೂ ಉಳಿಯುವುದಿಲ್ಲ. ಜಾಳಿಗೆ ತೋರಣದಲ್ಲಿ ತೊಟ್ಟನ್ನು ಉಳಿಸಿ, ಅದರ ತುದಿಯನ್ನು ಹಸಿ ಗೋಣಿತಟ್ಟಿಗೆ ತಾಗಿಸಲಾಗುತ್ತದೆ.

ಪೇಟೆಗಳಲ್ಲಿ ಬಾಗಿಲಿಗೆ ದುಂಡನೆಯ ಹೂಚಕ್ರ ತೂಗುಹಾಕುವುದೂ ಕಾಣುತ್ತದೆ. ಈ ಭಾಗದ ಜನರಿಗೆ ಹೂಚಕ್ರವೆಂದರೆ ಮೃತರಿಗೆ ಅರ್ಪಿಸುವಂಥದು. ಹಬ್ಬದ ಬಾಗಿಲಿಗೆ ಉದ್ದನೆಯ ಪಟ್ಟಿಯೇ ಸರಿ.

ಜಾಳಿಗೆಗೆ ಉಳ್ಳಾಗಡ್ಡಿ ತುಂಬುವ ಪ್ಲಾಸ್ಟಿಕ್ ಚೀಲ ಸುಲಭವಾಗಿ ಕೈಗೆ ಸಿಗುತ್ತದೆ. ಅದನ್ನು ಬಳಸದಿರುವುದು ಒಳಿತು. ಹಬ್ಬ ಮುಗಿದ ಮೇಲೆ ತೋರಣ ತಿಪ್ಪೆಗೆ ಬೀಳುತ್ತದೆ. ಹೂವಿನ ಆಸೆಗೆ ದನ, ಎಮ್ಮೆಗಳು ಜಾಳಿಗೆಯನ್ನೂ ನುಂಗುತ್ತವೆ. ಪ್ಲಾಸ್ಟಿಕ್ ಜೀರ್ಣವಾಗದೆ ಹೊಟ್ಟೆಯಲ್ಲಿ ಗಂಟಾಗಿ ಕುಳಿತರೆ ದನ ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ. ಆಗ ಶಸ್ತ್ರಚಿಕಿತ್ಸೆಯ ಹೊರತು ಬೇರೆ ಉಪಾಯ ಕಡಿಮೆ. ಹತ್ತು ರೂಪಾಯಿಯ ಜಾಳಿಗೆಗೆ ಹೈನದ ಎಮ್ಮೆ ಕಳೆದುಕೊಳ್ಳುವುದು ಯಾವ ಲೆಕ್ಕ? ಪುಂಡಿ ನಾರಿನ ಅಥವಾ ಸೆಣಬಿನ ಹುರಿಯಿಂದ ಜಾಳಿಗೆ ಹೆಣೆಯಬೇಕು. ಕಟ್ಟಲು ನೂಲಿನ ದಾರವನ್ನೇ ಬಳಸಬೇಕು; ನೈಲಾನ್, ತಂತಿ ಬೇಡ.

ಬಾಗಿಲ ಅಗಲ 90 ಸೆಂ.ಮೀ. ಇದ್ದರೆ 105 ಸೆಂ.ಮೀ. ಉದ್ದದ ಎರಡು ನೆಟ್ಟಗಿನ ತೊಗರಿ ಕಟ್ಟಿಗೆ ಅಥವಾ ಬಿದಿರಿನ ಸೀಳು ತೆಗೆದುಕೊಂಡು, ನಡುವೆ 15 ಸೆಂ.ಮೀ. ಅಂತರ ಬಿಟ್ಟು ಎರಡೂ ತುದಿಗೆ ಅಡ್ಡಕಡ್ಡಿ ಕಟ್ಟಬೇಕು. ಈ ಚೌಕಟ್ಟಿನಲ್ಲಿ ಹುರಿಯನ್ನು ಉದ್ದಕ್ಕೂ ಅಡ್ಡಕ್ಕೂ 2.5 ಸೆಂ.ಮೀ.ಗೊಂದರಂತೆ ಬಿಗಿದು, ಕೂಡುವಲ್ಲೆಲ್ಲ ಗಂಟು ಹಾಕಬೇಕು. ಕಣ್ಣು ಇದಕ್ಕಿಂತ ದೊಡ್ಡದಾದರೆ ಹೂವು ಜಾರುತ್ತದೆ. ಹಿಂದುಗಡೆ ಅದೇ ಅಳತೆಯ ಗೋಣಿತಟ್ಟನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಸಡಿಲವಾಗಿ ಹೊಲಿಯಬೇಕು. 5 ಸೆಂ.ಮೀ. ಅಗಲದ ಹೂವನ್ನು ಕಣ್ಣು ಬಿಟ್ಟು ಕಣ್ಣಿಗೆ ಕೂರಿಸಿದರೆ ಒಂದು ಸಾಲಿಗೆ 21ರಂತೆ ಮೂರು ಸಾಲಿಗೆ 63 ಹೂ ಬೇಕಾಗುತ್ತವೆ. ಮುರಿಯುವುದನ್ನೂ ಲೆಕ್ಕ ಹಿಡಿದು 70 ಕೊಯ್ದುಕೊಳ್ಳಬೇಕು. ತೊಟ್ಟನ್ನು ಕಣ್ಣಿನಲ್ಲಿ ತೂರಿಸಿ, ತಟ್ಟಿನೊಳಗೆ ಸಿಕ್ಕಿಸಿ, ಹುರಿಗೆ ಒಂದು ಸುತ್ತು ದಾರ ಹಾಕಿದರೆ ಸಾಕು. ಸಣ್ಣ ಹೂವುಗಳಿಂದ ಸಂದು ತುಂಬಬಹುದು. ಕೆಳಗಿನ ಕಟ್ಟಿಗೆಗೆ ಮಾವಿನ ತಪ್ಪಲು ಇಳಿಬಿಡುವಾಗ ಬಲಿತ ಕಡುಹಸಿರು ಎಲೆಗಳನ್ನೇ ಆರಿಸಬೇಕು. ಕೆಂಪು ಚಿಗುರು ಮೊದಲು ಜೋಲುತ್ತದೆ. ಹಸಿ ತಟ್ಟಿನ ಭಾರಕ್ಕೆ ತೋರಣ ಬಾಗುವುದರಿಂದ ನಡುವೆಯೂ ಒಂದು ಮೊಳೆ ಬೇಕು. ಮುಂಜಾನೆ, ಸಂಜೆ ತಟ್ಟಿಗೆ ಮಾತ್ರ ನೀರು ಚಿಮುಕಿಸಬೇಕು. ಎಸಳುಗಳ ನಡುವೆ ನೀರು ನಿಂತರೆ ಹೂವು ಕೊಳೆಯುತ್ತದೆ.

ಹೂವನ್ನು ಪೂರ್ಣ ಅರಳಿದ ಮೇಲೆ, ಬೆಳಗಿನ ತಂಪಿನಲ್ಲಿ, ಇಬ್ಬನಿ ಆರಿದೊಡನೆ 4 ಸೆಂ.ಮೀ. ತೊಟ್ಟಿನ ಸಮೇತ ಕತ್ತರಿಸಬೇಕು. ಕಟ್ಟುವವರೆಗೆ ತೊಟ್ಟುಗಳನ್ನು ನೀರಿನಲ್ಲಿ ಅದ್ದಿ ನೆರಳಿನಲ್ಲಿಡಬೇಕು. ಕೀಟನಾಶಕ ಸಿಂಪಡಿಸಿದ ಸಾಲಿನ ಹೂವನ್ನು ಡಬ್ಬಿಯ ಮೇಲೆ ಸೂಚಿಸಿದ ಅವಧಿ ಕಳೆಯುವವರೆಗೆ ಮುಟ್ಟಬಾರದು. ತೋರಣಕ್ಕೆ ಮಕ್ಕಳ ಕೈ ತಾಗುತ್ತದೆ. ಟೊಮೆಟೊದಲ್ಲಿ ಕಾಯಿಕೊರಕದ ಪತಂಗಗಳನ್ನು ಸೆಳೆಯಲು ಚೆಂಡು ಹೂವನ್ನು ಬಲೆ ಬೆಳೆಯಾಗಿ ಹಾಕುವ ಪದ್ಧತಿಯಿದೆ. ಅಂಥ ಸಾಲಿನ ತೂತು ಬಿದ್ದ ಹೂವು, ಮೊಗ್ಗುಗಳನ್ನು ತೋರಣಕ್ಕೆ ತರದೆ ಕಿತ್ತು ನಾಶಪಡಿಸಬೇಕು.

ಹಬ್ಬಕ್ಕೆ ಹೂವು ಸಿಗಬೇಕಾದರೆ ಸುಮಾರು ಮೂರು ತಿಂಗಳು ಮೊದಲೇ ಸಸಿಮಡಿಯಲ್ಲಿ ಬೀಜ ಬಿತ್ತಬೇಕು. ಸಸಿಗೆ ಒಂದು ತಿಂಗಳು, ನಾಟಿಯಿಂದ ಹೂವಿಗೆ ಎರಡು ತಿಂಗಳು ಹಿಡಿಯುತ್ತದೆ. ಕುಡಿ ಚಿವುಟಿದರೆ ಹೂವಿನ ಸಂಖ್ಯೆ ಹೆಚ್ಚುತ್ತದೆ, ಆದರೆ ಹೂ ಬರುವುದು ತಡವಾಗುತ್ತದೆ. ಆ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈ ಗಿಡ ನಿಂತ ನೀರನ್ನು ತಾಳದು. ಬೆಣ್ಣಿಹಳ್ಳದ ದಂಡೆಯ ತಗ್ಗು ಹೊಲಗಳಲ್ಲಿ ಬದುವಿನ ಮೇಲೆ ಅಥವಾ ಏರುಮಡಿಯಲ್ಲಿ ನೆಡುವುದು ಕ್ಷೇಮ. ಕೃಷಿಹೊಂಡದ ನೀರಿದ್ದವರು ಇನ್ನೊಂದು ಸಾರಿ ನೆಟ್ಟು, ಹೋಳಿ ಹುಣ್ಣಿಮೆಯ ನಂತರದ ಯಮನೂರು ಜಾತ್ರೆಗೂ ಹೂವು ಒದಗಿಸಬಹುದು.

ಒಣಗಿದ ತೋರಣದ ಹೂವನ್ನೇ ಉದುರಿಸಿ ಬಿತ್ತುವ ರೂಢಿ ಹಳ್ಳಿಗಳಲ್ಲಿದೆ. ಅದರಲ್ಲಿ ಜೊಳ್ಳು ಹೆಚ್ಚು. ಒಳ್ಳೆಯ ನಾಲ್ಕಾರು ಗಿಡಗಳ ಹೂವನ್ನು ಕೊಯ್ಯದೆ, ಬಟ್ಟಲು ಕಂದುಬಣ್ಣಕ್ಕೆ ತಿರುಗಿ ಒಣಗುವವರೆಗೆ ಗಿಡದಲ್ಲಿಯೇ ಬಿಟ್ಟು ಬೀಜ ತೆಗೆದಿಡಬೇಕು. ಇದು ಜವಾರಿ ತಳಿಗೆ ಮಾತ್ರ. ಸಂಕರಣ ತಳಿಯ ಬೀಜವನ್ನು ಪ್ರತಿ ವರ್ಷ ಹೊಸದಾಗಿ ಕೊಳ್ಳಬೇಕಾಗುತ್ತದೆ.