ಡ್ರಮ್ಮರ್ ಯಾರು ಅಂತ ನೋಡಿ

ಧಾರವಾಡದಲ್ಲಿ ಹೊಸ ಗಾಯಕರ ಹೆಸರು ತೆಗೆದರೆ ಬಲ್ಲವರು ಕೇಳುವ ಮೊದಲ ಪ್ರಶ್ನೆ, 'ಯಾರ ಕಡೆ ಕಲಿತಾರ?' ಕುಂದಗೋಳದ ಸವಾಯಿ ಗಂಧರ್ವರ ಹೆಸರು ಬಂತೆಂದರೆ ಹಿಂದಕ್ಕೆ ಅಬ್ದುಲ್ ಕರೀಂ ಖಾನರು, ಮುಂದಕ್ಕೆ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಎಲ್ಲರೂ ಸಿಗುತ್ತಾರೆ. ಪಂಕ್ ರಾಕ್ ಕೇಳಲು ಹೊರಟ ಹುಡುಗ ಹುಡುಗಿಯರಿಗೂ ನಾನು ತೋರಿಸುವುದು ಇದೇ ದಾರಿ. ಆ್ಯಪ್ ಮುಂದಿಡುವ ಪಟ್ಟಿಯನ್ನು ನೆಚ್ಚಿಕೊಂಡರೆ ಒಂದೇ ತರಹದ ಹಾಡು ಮತ್ತೆ ಮತ್ತೆ ಬರುತ್ತದೆ. ಹಾಡಿನ ಬದಲು ಮನುಷ್ಯರ ಬೆನ್ನು ಹತ್ತಿ.

1970ರ ದಶಕದ ನಡುವೆ ನ್ಯೂಯಾರ್ಕ್, ಲಂಡನ್‌ಗಳಲ್ಲಿ ಪಂಕ್ ಹುಟ್ಟಿತು. 1980ರ ಸುಮಾರಿಗೆ ಅಮೆರಿಕದ ಹುಡುಗರು ಅದರ ವೇಗ ಏರಿಸಿ, ಹಾಡನ್ನು ಇನ್ನೂ ಮೊಟಕು ಮಾಡಿದರು. ಅದು ಹಾರ್ಡ್‌ಕೋರ್. ಆ ವೇಗ ಬಿಡದೆ, ಮೇಲೆ ಗುನುಗುವಂಥ ಧಾಟಿ ಕೂರಿಸಿದರೆ ಮೆಲೊಡಿಕ್ ಹಾರ್ಡ್‌ಕೋರ್.

ಶುರು ಮಾಡಲು ಲಾಸ್ ಏಂಜಲೀಸ್‌ನ ಬ್ಯಾಡ್ ರಿಲಿಜನ್ ಬ್ಯಾಂಡಿನ 'ಸಫರ್' ಸಾಕು. 1988ರ ಆಲ್ಬಮ್, 15 ಹಾಡು, ಎಲ್ಲ ಸೇರಿ ಸುಮಾರು 26 ನಿಮಿಷ. ಮೊದಲ ಸಲ ಗದ್ದಲವೇ ಅನಿಸುತ್ತದೆ, ಅನಿಸಲಿ. ಒಂದೇ ಹಾಡನ್ನು ಆರಿಸಿಕೊಂಡು ಮತ್ತೆ ಹಾಕಿ, ಡ್ರಮ್ ಒಂದನ್ನೇ ಹಿಡಿಯಿರಿ. ಮುಂದಿನ ಸಲ ಗಾಯಕ ಗ್ರೆಗ್ ಗ್ರಾಫಿನ್ ಅವರ ದನಿ ಮಾತ್ರ. ಡ್ರಮ್ ಎಷ್ಟೇ ಓಡಲಿ, ದನಿ ತನ್ನ ಸ್ವರದ ಮೇಲೆ ನಿಧಾನವಾಗಿ ನಿಲ್ಲುತ್ತದೆ. ಆಮೇಲೆ ಪಲ್ಲವಿಯ ಹಿಂದೆ ಕಿವಿ ಇಡಿ: ಬೇರೆ ಬೇರೆ ಸ್ವರಗಳಲ್ಲಿ ಹಲವು ದನಿಗಳು ಒಟ್ಟಿಗೆ ಏಳುತ್ತವೆ. ಒಂದೇ ಎಳೆಯ ಗಾಯನ ಕೇಳಿ ಬೆಳೆದ ನಮ್ಮ ಕಿವಿಗೆ ಇದು ತಡವಾಗಿ ದಕ್ಕುತ್ತದೆ, ದಕ್ಕಿದ ಮೇಲೆ ಬಿಡುವುದಿಲ್ಲ. ಸಾಹಿತ್ಯವನ್ನೂ ಎದುರಿಗಿಟ್ಟುಕೊಂಡು ಓದಿ. ಗ್ರಾಫಿನ್ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಪಡೆದವರು, ಜೀವವಿಕಾಸ ಅವರ ವಿಷಯ. ಸಿಟ್ಟಿನ ಹಾಡಿನಲ್ಲೂ ವಾದ ಇರುತ್ತದೆ.

ಈಗ ಬೆನ್ನು ಹತ್ತುವ ಕೆಲಸ. 1994ರಲ್ಲಿ ಈ ಬ್ಯಾಂಡಿಗೆ ಬ್ರಯಾನ್ ಬೇಕರ್ ಎಂಬ ಗಿಟಾರ್ ವಾದಕರು ಬಂದರು. ಹಿಂದೆ ಎಲ್ಲಿದ್ದರು? ವಾಷಿಂಗ್ಟನ್ನಿನ ಡ್ಯಾಗ್ ನ್ಯಾಸ್ಟಿಯಲ್ಲಿ. ಅವರ 1986ರ 'ಕ್ಯಾನ್ ಐ ಸೇ' ನನ್ನ ಮಟ್ಟಿಗೆ ಈ ಶೈಲಿಯ ಅತ್ಯಂತ ಹೃದಯವಂತ ಆಲ್ಬಮ್. ಅದಕ್ಕೂ ಮೊದಲು? 1980ರಲ್ಲಿ ಕಟ್ಟಿದ ಮೈನರ್ ಥ್ರೆಟ್‌ನಲ್ಲಿ, ಇನ್ನೂ ಶಾಲೆಗೆ ಹೋಗುವ ವಯಸ್ಸಿನಲ್ಲಿ ಬಾಸ್ ನುಡಿಸುತ್ತಿದ್ದರು. ಒಬ್ಬ ಮನುಷ್ಯನಿಂದ ಮೂರು ಬ್ಯಾಂಡು ಸಿಕ್ಕವು.

ಹೊಸ ಕಾಲದತ್ತ ಬರಲು ಡಿಸೆಂಡೆಂಟ್ಸ್ ಬ್ಯಾಂಡಿನ ಡ್ರಮ್ಮರ್ ಬಿಲ್ ಸ್ಟೀವನ್ಸನ್ ಅವರನ್ನು ಹಿಡಿಯಿರಿ. 1982ರ 'ಮೈಲೊ ಗೋಸ್ ಟು ಕಾಲೇಜ್'ನಲ್ಲಿ ಡ್ರಮ್ ಅವರದೇ. ಮುಂದೆ ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ ಬ್ಲಾಸ್ಟಿಂಗ್ ರೂಮ್ ಸ್ಟುಡಿಯೊ ತೆರೆದರು. ಶಿಕಾಗೊದ ರೈಸ್ ಅಗೇನ್ಸ್ಟ್ ತನ್ನ 2006ರ 'ದ ಸಫರರ್ ಆ್ಯಂಡ್ ದ ವಿಟ್ನೆಸ್' ಆಲ್ಬಮನ್ನು ಧ್ವನಿಮುದ್ರಿಸಿದ್ದು ಅಲ್ಲೇ. ಹೊಸಬರು ಇಲ್ಲಿಂದ ಹಿಂದಕ್ಕೆ ಹೋದರೂ ಸರಿ, ಧ್ವನಿ ಸ್ವಚ್ಛವಾಗಿದೆ, ಕಿವಿಗೆ ಬೇಗ ಹೊಂದುತ್ತದೆ. ನ್ಯೂಜೆರ್ಸಿಯ ಲೈಫ್‌ಟೈಮ್ ಕೇಳಿ ಇಷ್ಟವಾದರೆ ಅದರ ಗಿಟಾರ್ ವಾದಕ ಡ್ಯಾನ್ ಯೆಮಿನ್ ಜೊತೆ ಕಿಡ್ ಡೈನಮೈಟ್‌ಗೂ, ಪೇಂಟ್ ಇಟ್ ಬ್ಲ್ಯಾಕ್‌ಗೂ ಹೋಗಿ.

ನಮಗೆ ಹತ್ತಿರದಲ್ಲಿ ಮುಂಬಯಿ ಇದೆ. ದ ರಾಯಟ್ ಪೆಡ್ಲರ್ಸ್ ಪಂಕ್ ನುಡಿಸಿದವರು, ಡೆತ್ ಬೈ ಫಂಗೈ ಹಾರ್ಡ್‌ಕೋರ್‌ನವರು, ಮೆಲೊಡಿ ಕಮ್ಮಿ, ಕಾವು ಹೆಚ್ಚು. ಇವರನ್ನು ಕೇಳುವಾಗಲೂ ಆಲ್ಬಮ್ ಪುಟದ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ: ಡ್ರಮ್ ಯಾರದು, ಧ್ವನಿಮುದ್ರಣ ಯಾರದು, ಧನ್ಯವಾದ ಯಾವ ಬ್ಯಾಂಡುಗಳಿಗೆ. ಆ ಧನ್ಯವಾದದ ಸಾಲಿನಿಂದಲೇ ಮುಂದಿನ ವಾರದ ಬ್ಯಾಂಡನ್ನು ಆರಿಸಿಕೊಳ್ಳಿ.